ನಿಲುಗಡೆಯ ಬೆಲೆ

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ, ಒಂದೆಡೆ ದೇವರಾಜ ಮಾರುಕಟ್ಟೆಯೂ ಇನ್ನೊಂದೆಡೆ ಅರಸು ರಸ್ತೆಯ ಅಂಗಡಿಸಾಲುಗಳೂ ಜನರನ್ನು ಆಕರ್ಷಿಸುತ್ತಿರುವುದರಿಂದ, ವಾಹನ ನಿಲ್ಲಿಸಲು ಸ್ಥಳ ದೊರೆಯುವುದೇ ದುರ್ಲಭವಾಗಿದೆ. ಅರಸು ರಸ್ತೆಯಲ್ಲಿ ನಿಲುಗಡೆ ಶುಲ್ಕ ವಿಧಿಸುವ ಪ್ರಸ್ತಾವವನ್ನು ಮಹಾನಗರಪಾಲಿಕೆಯು ಮುಂದಿಟ್ಟಾಗ, ಗಿರಾಕಿಗಳು ವಿಮುಖರಾದಾರೆಂಬ ಶಂಕೆಯಿಂದ ವರ್ತಕರು ವಿರೋಧಿಸಿದ್ದುಂಟು.

ಇಂಥ ಶುಲ್ಕವು ನಿರ್ಧಾರವಾಗುವ ಬಗೆ ಹೇಗೆ? 1988ರ ಮೋಟಾರು ವಾಹನ ಕಾಯಿದೆಯ 117ನೆಯ ಪ್ರಕರಣದಂತೆ, ವಾಹನಗಳು ನಿಲ್ಲತಕ್ಕ ಸ್ಥಳಗಳನ್ನು ರಾಜ್ಯ ಸರ್ಕಾರವಾಗಲಿ ಅದರಿಂದ ಅಧಿಕಾರ ಪಡೆದವರಾಗಲಿ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಗೊತ್ತುಮಾಡುತ್ತಾರೆ. ದರದ ಪ್ರಸ್ತಾವವು ಪಾಲಿಕೆಯ ಸಭೆಯಲ್ಲಿ ಚರ್ಚಿತವಾಗಿ ಅಂಗೀಕೃತವಾದ ಮೇಲೆ, ವಸೂಲಿಯ ಹಕ್ಕನ್ನು ಟೆಂಡರಿನ ಮೂಲಕ ಗುತ್ತಿಗೆದಾರರಿಗೆ ವಹಿಸುವುದು ವಾಡಿಕೆ.

ದರವು ಎಷ್ಟಿರಬೇಕೆಂಬುದಕ್ಕೆ, 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ವಾಹನವು ಆಕ್ರಮಿಸುವ ಭೂಮಿಯ ಮೌಲ್ಯವನ್ನೇ ಪ್ರಮಾಣವಾಗಿ ಹೇಳುತ್ತದೆ. ಅಮೆರಿಕದ ನಗರಯೋಜನಾ ವಿದ್ವಾಂಸರಾದ ಡೊನಾಲ್ಡ್ ಶೂಪ್ ಅವರ ಮತದಲ್ಲಿ, ನೂರು ಸ್ಥಳಗಳಲ್ಲಿ ಸುಮಾರು 85 ತುಂಬಿ, ಉಳಿದ 15 ತೆರವಾಗಿರುವಂತೆ ಮಾಡುವ ದರವೇ ಯುಕ್ತವಾದುದು. ಬೆಳಗಿನಿಂದ ಸಂಜೆಯವರೆಗೆ ಒಂದೇ ಕಾರು ಅಂಗಡಿಯ ಮುಂದೆ ಬೀಡುಬಿಟ್ಟರೆ ನಷ್ಟವಾಗುವುದು ವರ್ತಕರಿಗೇ; ಆದುದರಿಂದ ಗಂಟೆ ಕಳೆದಂತೆ ಏರುವ ದರವು, ಬೊಕ್ಕಸವನ್ನು ತುಂಬುವುದಕ್ಕಿಂತ ಹೆಚ್ಚಾಗಿ, ಇರುವ ಅಲ್ಪಸ್ಥಳವನ್ನು ಹಲವರಿಗೆ ಹಂಚುವ ಉಪಾಯವೆಂದು ಅರಿಯತಕ್ಕದ್ದು.