ಹಳೆಯ ಮೋಟಾರಿನ ಕಿಡಿ
ಕಾಯಿಲಿನ ವಿದ್ಯುತ್ಪ್ರವಾಹವು ಫಕ್ಕನೆ ಕಡಿದಾಗ ಎಂಜಿನ್ನಿಗೆ ಬೇಕಾದ ಕಿಡಿಯು ಹುಟ್ಟುವುದು. 1956ರಲ್ಲಿ ಬಂದ ಮಾರಿಸ್ ಮೈನರ್ 1000 ಕಾರಿನಲ್ಲಿ ಅದನ್ನು ಕಡಿಯುವುವು ಎರಡು ಪಾಯಿಂಟುಗಳು. ತೆರೆದಾಗ ಅವುಗಳ ನಡುವಣ ಅಂತರವು ಅಂಗುಲದ ಸಾವಿರದಲ್ಲಿ 15 ಪಾಲು ಮಾತ್ರ. ಹಿಮ್ಮಡಿಯು ಕ್ಯಾಮಿಗೆ ಉಜ್ಜಿ ಸವೆದಂತೆ ಅಂತರವು ಕಿರಿದಾಗಿ ಕಿಡಿಯು ತಡವಾಗುವುದು. ಆದರೂ ಎಂಜಿನ್ನು ತಡವರಿಸಿ ಮೊದಲೇ ಎಚ್ಚರಿಸುವುದುಂಟು, ದಾರಿಯಲ್ಲಿಯೇ ಸರಿಪಡಿಸಲೂಬಹುದು.

ಎಲೆಕ್ಟ್ರಾನಿಕ್ ಸಾಧನದಲ್ಲಿ ಈ ಕೆಲಸವನ್ನು ಟ್ರಾನ್ಸಿಸ್ಟರು ಮಾಡುವುದು. ಅಲ್ಲಿ ಪಾಯಿಂಟುಗಳ ಸವೆತವಿಲ್ಲ. ಆದರೆ ಕೆಟ್ಟರೆ ಹೆಚ್ಚಾಗಿ ಹೇಳದೆ ಕೇಳದೆ ಕೆಡುವುದು, ಬದಲಿಸದೆ ಗತಿಯಿಲ್ಲ.

ಆದುದರಿಂದ ದಿನವೂ ಓಡುವ ಕಾರಿಗೆ ಹೊಸದು ಲೇಸು. ಅಪರೂಪಕ್ಕೆ ಹೊರಡುವುದಕ್ಕೆ ಹಳೆಯದೇ ಸಾಕು. ಹೊಸದನ್ನು ಹಾಕಿಸಿದವರು ಕಳಚಿದ ಪಾಯಿಂಟುಗಳನ್ನೂ ಕಂಡೆನ್ಸರನ್ನೂ ಕಾರಿನಲ್ಲಿಯೇ ಇರಿಸಿಕೊಳ್ಳಲಿ. ನಡುದಾರಿಯಲ್ಲಿ ನಿಂತಾಗ ಮನೆಗೆ ತಲುಪಿಸುವುವು ಅವೇ.