ಓಟು ಹೆಚ್ಚು ಒಬ್ಬರಿಗೆ, ಸೀಟು ಹೆಚ್ಚು ಇನ್ನೊಬ್ಬರಿಗೆ: ಇದು ಹೇಗೆ?

ನಾರಾವಿ: ‘ಜನ ಆರಿಸಿದ ಸರಕಾರ’ ಅಂತೇವೆ. 2018ರ ವಿಧಾನಸಭೆ ಚುನಾವಣೆ ನೋಡಿ. ಕಾಂಗ್ರೆಸ್‌ಗೆ ಸುಮಾರು ಶೇ. 38 ಓಟು, ಬಿಜೆಪಿಗೆ ಶೇ. 36. ಸೀಟು ಮಾತ್ರ ಬಿಜೆಪಿಗೆ 104, ಕಾಂಗ್ರೆಸ್‌ಗೆ 78. ಕ್ಷೇತ್ರದಲ್ಲಿ ಒಂದು ಓಟು ಹೆಚ್ಚು ಬಂದವರೇ ಶಾಸಕರು, ಸೋತವರಿಗೆ ಬಿದ್ದ ಓಟಿಗೆ ಸೀಟಿಲ್ಲ. ಕೊನೆಗೆ ಮುಖ್ಯಮಂತ್ರಿ ಆದದ್ದು 37 ಸೀಟಿನ ಜೆಡಿಎಸ್‌ನ ಕುಮಾರಸ್ವಾಮಿ! 2019ರಲ್ಲಿ ಶಾಸಕರ ರಾಜೀನಾಮೆಯಿಂದ ಅದೂ ಬಿತ್ತು. ಆಗ ನಮ್ಮನ್ನು ಯಾರೂ ಕೇಳಲಿಲ್ಲ.

ಅದಾದರೂ ಓಟು ಹಾಕಿದ ಮೇಲಿನ ಕತೆ. ತಾಲೂಕು, ಜಿಲ್ಲಾ ಪಂಚಾಯತಿಯಲ್ಲಿ ಓಟೇ ನಡೆಯಲಿಲ್ಲ. 2016ರಲ್ಲಿ ಆರಿಸಿದವರ ಅವಧಿ 2021ರಲ್ಲೇ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಅಂತ ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು, ಆಡಳಿತ ಅಧಿಕಾರಿಗಳ ಕೈಗೆ ಬಂತು. ಮೊದಲಾದರೆ ರಸ್ತೆ ಹೊಂಡದ ವಿಷಯ ಸದಸ್ಯರನ್ನು ಪೇಟೆಯಲ್ಲೇ ನಿಲ್ಲಿಸಿ ಕೇಳಬಹುದಿತ್ತು. ಅವಧಿ ಮುಗಿದ ಮೇಲೆ ಅರ್ಜಿ ಹಿಡಿದು ಬೆಳ್ತಂಗಡಿ ಬಸ್ಸು ಹತ್ತಬೇಕಾಯಿತು.