ಗುರ್ಕಾರರಿಂದ ಧರ್ಮಾಧ್ಯಕ್ಷರವರೆಗೆ

ಮಂಗಳೂರು, ಉಡುಪಿ, ಕುಂದಾಪುರಗಳ ಕಡೆ ಸಂಚರಿಸುವವರಿಗೆ, ತೆಂಗಿನ ತೋಟಗಳ ನಡುವೆ ತಲೆಯೆತ್ತಿ ನಿಂತ ಇಗರ್ಜಿ, ಅದರ ಮಗ್ಗುಲಲ್ಲಿ ಹಂಚಿನ ಮಾಡಿನ ಶಾಲೆ, ಪಕ್ಕದಲ್ಲಿ ಗುರುಗಳ ನಿವಾಸ, ಸ್ವಲ್ಪ ಆಚೆಗೆ ಸಮಾಧಿಭೂಮಿ, ಇವೆಲ್ಲವೂ ಒಂದೇ ಆವರಣದಲ್ಲಿ ಕಾಣಿಸುವುದುಂಟು. ಕಂಡವರು ಇವೆಲ್ಲ ರೋಮ್ ನಗರದಿಂದ ನಡೆಯಿಸಲ್ಪಡುವ ಒಂದು ಮಹಾಸಂಸ್ಥೆಯ ಶಾಖೆಗಳೆಂದು ಭಾವಿಸುವುದೂ ಉಂಟು. ಈ ಭಾವನೆಯಲ್ಲಿ ಸತ್ಯದ ಅಂಶವಿದ್ದರೂ, ಕಥೋಲಿಕ ಧರ್ಮಸಭೆಯ ವ್ಯವಸ್ಥೆಯನ್ನು ಅರಿಯಬಯಸುವವರು ರೋಮಿನಿಂದ ಕೆಳಗಿಳಿಯುವುದಕ್ಕಿಂತ, ಕರಾವಳಿಯ ಒಂದು ವಾಡೆಯ ಅಂಗಳದಿಂದ ಮೇಲಕ್ಕೆ ಏರುವುದು ಲೇಸೆಂದು ನನ್ನ ಅಭಿಪ್ರಾಯ.

ಕನ್ನಡದಲ್ಲಿ ಧರ್ಮಕೇಂದ್ರವೆಂದು ಕರೆಯುವುದನ್ನು ಇಲ್ಲಿಯ ಕೊಂಕಣಿ ಕಥೋಲಿಕರು ಫಿರ್ಗಜ್ ಎನ್ನುತ್ತಾರೆ. ಗೊತ್ತಾದ ಎಲ್ಲೆಕಟ್ಟಿನೊಳಗೆ ವಾಸಿಸುವ ಕುಟುಂಬಗಳ ಸಮುದಾಯವೇ ಫಿರ್ಗಜ್. ಇಗರ್ಜಿಯ ಕಟ್ಟಡ ಆ ಸಮುದಾಯ ಕೂಡುವ ಸ್ಥಳ. ಫಿರ್ಗಜ್ ವಾಡೆಗಳಾಗಿ ವಿಭಾಗಗೊಂಡಿದ್ದು, ವಾಡೆಗೊಬ್ಬರು ಗುರ್ಕಾರರು ಮುಖಂಡರಾಗಿ ಇರುತ್ತಾರೆ. ಯಾವ ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಯಾರಿಗೆ ವಿಗಾರರು, ಅಂದರೆ ಧರ್ಮಕೇಂದ್ರದ ಗುರುಗಳು, ಪರಮಪ್ರಸಾದವನ್ನು ಮನೆಗೇ ಒಯ್ಯಬೇಕು, ಯಾವ ಅಣ್ಣತಮ್ಮಂದಿರ ನಡುವೆ ಮಾತು ನಿಂತಿದೆ ಎಂಬುದನ್ನೆಲ್ಲ ವಿಗಾರರಿಗಿಂತ ಮೊದಲು ಬಲ್ಲವರು ಈ ಗುರ್ಕಾರರೇ. ವಿಗಾರರು ಕೆಲವು ವರ್ಷಗಳಿಗೊಮ್ಮೆ ವರ್ಗವಾಗಿ ಹೋಗತಕ್ಕವರು; ಗುರ್ಕಾರರು ಊರಿನವರು. ಈ ಸಮುದಾಯವನ್ನು ಬೆಸೆಯುವುದರಲ್ಲಿ ಹಬ್ಬಗಳ ಪಾಲೂ ಉಂಟು. ಮರಿಯಮ್ಮನವರ ಜನ್ಮದಿನವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆ ಮನೆಮನೆಗೆ ಹೋಗುತ್ತದೆ. ಅದರ ಕಾಳುಗಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಕುಳಿತು ಸೇವಿಸುತ್ತಾರೆ. ಮುಂಬಯಿಯಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ದುಡಿಯುವ ಮಕ್ಕಳಿಗಾಗಿ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳುಹಿಸುವ ತಾಯಂದಿರೂ ಉಂಟು.

ಹೀಗೆ ದೂರ ಹೋದವರನ್ನು ಫಿರ್ಗಜಿಗೆ ಕಟ್ಟಿಹಾಕುವ ಇನ್ನೊಂದು ಸೂತ್ರವು ವಿಗಾರರ ಕಚೇರಿಯ ಕಪಾಟಿನಲ್ಲಿದೆ. ಒಮ್ಮೆ ಅಂಥ ಒಂದು ಕಚೇರಿಯಲ್ಲಿ ಹಳೆಯ ದೀಕ್ಷಾಸ್ನಾನದ ಪುಸ್ತಕವನ್ನು ನನ್ನ ಮುಂದೆ ಬಿಡಿಸಿಟ್ಟರು. ದಪ್ಪ ರಟ್ಟು, ಕಂದಿದ ಮಸಿ. ಪ್ರತಿ ಶಿಶುವಿಗೂ ಒಂದು ಸಾಲು: ಹೆಸರು, ತಂದೆತಾಯಿ, ಧರ್ಮಪಿತ, ಧರ್ಮಮಾತೆ, ಸಂಸ್ಕಾರವಿತ್ತ ಗುರು, ದಿನಾಂಕ. ನನ್ನ ಗಮನ ಸೆಳೆದುದು ಅಂಚಿನ ಖಾಲಿ ಜಾಗ. ಆ ಮಗು ಬೆಳೆದು ಮದುವೆಯಾದರೆ, ಗುರುಪಟ್ಟ ಸ್ವೀಕರಿಸಿದರೆ, ಸನ್ಯಾಸಸಭೆಯಲ್ಲಿ ಆಜೀವ ವ್ರತ ತೊಟ್ಟರೆ, ಆ ಸಂಗತಿಯನ್ನು ಅಲ್ಲಿ ಬರೆಯತಕ್ಕದ್ದೆಂದು ಧರ್ಮಸಭೆಯ ಸಂಹಿತೆ ವಿಧಿಸುತ್ತದೆ. ಹೆಣ್ಣುಮಗಳೊಬ್ಬಳು ಮುಂಬಯಿಯ ಇಗರ್ಜಿಯಲ್ಲಿ ಮದುವೆಯಾದರೆ, ಅಲ್ಲಿಯ ವಿಗಾರರು ಆಕೆ ದೀಕ್ಷಾಸ್ನಾನ ಪಡೆದ ಫಿರ್ಗಜಿನ ವಿಗಾರರಿಗೆ ಬರೆದು ತಿಳಿಸಬೇಕು. ಇಲ್ಲಿಯವರು ಹಳೆಯ ಪುಟವನ್ನು ಹುಡುಕಿ ಅಂಚಿನಲ್ಲಿ ಸೇರಿಸಬೇಕು. ಒಬ್ಬರು ಗುಟ್ಟಾಗಿ ಇನ್ನೊಂದು ವಿವಾಹಕ್ಕೆ ಹೊರಟರೆ ತಡೆಯುವುದು ಈ ಅಂಚೇ. 1563ರಲ್ಲಿ ಮುಗಿದ ಟ್ರೆಂಟ್ ಮಹಾಸಭೆಯು ಇಂಥ ಪುಸ್ತಕಗಳನ್ನು ಕಡ್ಡಾಯಗೊಳಿಸಿದಂದಿನಿಂದ ಪುಸ್ತಕವಿಡುವ ಪದ್ಧತಿ ನಡೆದುಬಂದಿದೆ. ಈಗ ಜಾರಿಯಲ್ಲಿರುವ 1983ರ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ.

ಪುಸ್ತಕಗಳನ್ನು ಕಾಯುವವರಾದರೂ ವಿಗಾರರು ಫಿರ್ಗಜಿನ ಒಡೆಯರಲ್ಲ. ಹಣಕಾಸಿನ ಸಮಿತಿಯೊಂದು ಪ್ರತಿ ಧರ್ಮಕೇಂದ್ರದಲ್ಲಿಯೂ ಇರಲೇಬೇಕೆಂಬ ನಿಯಮವಿದೆ. ಗುರ್ಕಾರರೂ ಇತರ ಪ್ರತಿನಿಧಿಗಳೂ ಕೂಡುವ ಪಾಲನಾ ಮಂಡಳಿಗೆ ಗೃಹಸ್ಥರೊಬ್ಬರು ಉಪಾಧ್ಯಕ್ಷರಾಗಿರುತ್ತಾರೆ. ಆದರೆ ಈ ಮಂಡಳಿಯ ಮತವು ಸಲಹೆಯಷ್ಟೇ. ಅಂತಿಮ ನಿರ್ಣಯ ವಿಗಾರರದು. ಊರಿನ ಅನುಭವವೆಲ್ಲ ಮಂಡಳಿಯಲ್ಲಿಯೇ ಇರುವಾಗ ಅದರ ಮಾತಿಗೆ ಇನ್ನಷ್ಟು ತೂಕವಿರಬೇಕಿತ್ತೆಂದು ನನಗನ್ನಿಸುತ್ತದೆ.

ಹಲವು ಫಿರ್ಗಜುಗಳು ಸೇರಿ ವಲಯ, ವಲಯಗಳು ಸೇರಿ ಧರ್ಮಪ್ರಾಂತ್ಯ. 1886ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು ಭಾರತದಲ್ಲಿ ಧರ್ಮಪ್ರಾಂತ್ಯಗಳ ಶ್ರೇಣಿಯನ್ನು ಸ್ಥಾಪಿಸಿದಾಗ ಮಂಗಳೂರೂ ಧರ್ಮಪ್ರಾಂತ್ಯವಾಯಿತು. ಯೇಸುಸಭೆಯ ನಿಕೋಲಾ ಪಗಾನಿ ಅದರ ಮೊದಲ ಧರ್ಮಾಧ್ಯಕ್ಷರು (ಬಿಷಪ್). 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಅಲ್ಲಿಯ ಲತೀನ್ ವಿಧಿಯ ಕಥೋಲಿಕರಲ್ಲಿ ಹಲವರು ಇಂದಿಗೂ ಮಂಗಳೂರಿನ ಧರ್ಮಾಧ್ಯಕ್ಷರ ಪ್ರಜೆಗಳು. 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತ್ಯವಾಗಿ, ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಅದರ ಪ್ರಧಾನಾಲಯವಾಯಿತು. ಕೇರಳದಿಂದ ಬಂದು ನೆಲೆಸಿದ ಸಿರೋ ಮಲಬಾರ್ ಎಂಬ ಬೇರೊಂದು ಪೂಜಾವಿಧಿಯವರಿಗಾಗಿ 1999ರಲ್ಲಿ ಬೆಳ್ತಂಗಡಿಯಲ್ಲಿ ಇನ್ನೊಂದು ಧರ್ಮಪ್ರಾಂತ್ಯ ಸ್ಥಾಪನೆಯಾದುದರಿಂದ, ಒಂದೇ ನೆಲದಲ್ಲಿ ಒಬ್ಬರಿಗಿಂತ ಹೆಚ್ಚು ಧರ್ಮಾಧ್ಯಕ್ಷರು ಇರುವುದನ್ನು ಕಂಡು ಯಾರೂ ಬೆರಗಾಗಬೇಕಿಲ್ಲ. ವಿಗಾರರನ್ನು ನೇಮಿಸುವುದು, ವರ್ಗಾಯಿಸುವುದು, ಐದು ವರ್ಷಗಳೊಳಗೆ ಇಡೀ ಪ್ರಾಂತ್ಯವನ್ನು ಸಂದರ್ಶಿಸುವುದು ಧರ್ಮಾಧ್ಯಕ್ಷರ ಕರ್ತವ್ಯ. 75 ವರ್ಷ ತುಂಬಿದೊಡನೆ ಅವರು ಪೋಪರಿಗೆ ರಾಜೀನಾಮೆ ಸಲ್ಲಿಸಬೇಕು. ಬೆಂಗಳೂರಿನಲ್ಲಿ 1953ರಿಂದ ಮಹಾಧರ್ಮಾಧ್ಯಕ್ಷರಿದ್ದರೂ, ಮಂಗಳೂರಿನ ವಿಗಾರರೊಬ್ಬರನ್ನು ವರ್ಗಾಯಿಸುವ ಅಧಿಕಾರ ಅವರಿಗಿಲ್ಲ.

ಶಾಲೆಗಳ ವಿಷಯದಲ್ಲಿ ಜನರ ಗೊಂದಲ ಇನ್ನೂ ಹೆಚ್ಚು. ಫಿರ್ಗಜಿನ ಶಾಲೆಗೆ ವಿಗಾರರೇ ಸಂಚಾಲಕರು. ಮಂಗಳೂರಿನಲ್ಲಿ ಇಂಥ ಶಾಲೆಗಳು ಧರ್ಮಪ್ರಾಂತ್ಯದ ಕಥೋಲಿಕ ಶಿಕ್ಷಣ ಮಂಡಳಿಗೆ ಸೇರಿವೆ. ಆದರೆ 1880ರಲ್ಲಿ ಕಾಲೇಜಾಗಿ ಆರಂಭವಾದ ಸಂತ ಅಲೋಶಿಯಸ್ ಸಂಸ್ಥೆ ಯೇಸುಸಭೆಯದು. 1921ರ ಸಂತ ಆಗ್ನೆಸ್ ಕಾಲೇಜು ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರದು. ಇಂಥ ಸಂಸ್ಥೆಗಳ ಆಸ್ತಿ, ಆಡಳಿತಗಳು ಆಯಾ ಸನ್ಯಾಸಸಭೆಗಳವು. ಆದರೂ ಕಥೋಲಿಕ ಶಾಲೆಯೆಂಬ ಹೆಸರು ಧರಿಸಲು ಧರ್ಮಾಧ್ಯಕ್ಷರ ಸಮ್ಮತಿ ಬೇಕು, ಅವುಗಳನ್ನು ಸಂದರ್ಶಿಸುವ ಹಕ್ಕೂ ಅವರಿಗುಂಟು. ಅನುದಾನಿತ ಶಾಲೆಯಾದರೆ ಸಂಬಳ ಸರಕಾರದ್ದು, ಪಠ್ಯ ಸರಕಾರದ್ದು. ನಡೆಸುವ ಹಕ್ಕು ಸಂವಿಧಾನದ 30ನೆಯ ಅನುಚ್ಛೇದ ಅಲ್ಪಸಂಖ್ಯಾತರಿಗೆ ಇತ್ತದ್ದು. ಬೆಳಗ್ಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲೆಕ್ಕ ಒಪ್ಪಿಸಿ, ಸಂಜೆ ಸಂಚಾಲಕರಿಗೆ ವರದಿ ಒಪ್ಪಿಸುವ ಮುಖ್ಯೋಪಾಧ್ಯಾಯಿನಿಯ ಶ್ರಮವನ್ನು, ಆ ಶಾಲೆಯಲ್ಲಿ ಓದುವ ಎಲ್ಲ ಮತಗಳ ಮಕ್ಕಳ ತಂದೆತಾಯಿಯರು ಅರಿತುಕೊಳ್ಳುವುದು ಒಳಿತು.

ಕೊನೆಗೆ ಪಾಲನಾ ಮಂಡಳಿಗಳವರಲ್ಲಿ ನನ್ನದೊಂದು ಬಿನ್ನಹ. ಕಡಲ ಗಾಳಿಗೂ ಮಳೆಗಾಲದ ತೇವಕ್ಕೂ ಕಾಗದ ಬಹುಕಾಲ ತಾಳದು, ಗೆದ್ದಲಿಗಂತೂ ಹಳೆಯದು ಹೊಸದೆಂಬ ಭೇದವಿಲ್ಲ. ಗೋಪುರಕ್ಕೆ ಬಣ್ಣ ಬಳಿಸಲು ಹಣ ಕೂಡಿಸುವ ವರ್ಷ, ಅದರಲ್ಲಿ ಒಂದು ಪಾಲನ್ನು ವಿಗಾರರ ಕಪಾಟಿನ ದೀಕ್ಷಾಸ್ನಾನದ ಪುಸ್ತಕಗಳ ರಟ್ಟು ಕಟ್ಟಿಸಲು ತೆಗೆದಿಡಿ.